ಬಿಳಿ ಗುಂಡುಗಳು ಕುಡಿದ ನೀರು

ವಡೋದರಾದ ಗೋರ್ವಾದಲ್ಲಿರುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ವಿಂಧ್ಯಾ ಎರಡು ವರ್ಷಗಳಿಂದ ಸಾಸಿವೆ ಗಾತ್ರದ ಬಿಳಿ ಗುಂಡುಗಳನ್ನು ಮಾಡುತ್ತಿದ್ದಳು. ಅವುಗಳ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಗುಂಡು ತುಂಬಿದ ಕೊಳವೆಯಲ್ಲಿ ಪ್ರೊಪೇನ್, ಪ್ರೊಪಿಲೀನ್ ಬೆರೆತ ಅನಿಲ ಹಾಯಿಸಿದರೆ, ಪ್ಲಾಸ್ಟಿಕ್ ತಯಾರಿಕೆಗೆ ಬೇಕಾದ ಪ್ರೊಪಿಲೀನ್ ರಂಧ್ರಗಳಲ್ಲಿ ಉಳಿದು ಪ್ರೊಪೇನ್ ಮಾತ್ರ ಹೊರಬರಬೇಕು. ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಎತ್ತರದ ಗೋಪುರಗಳೂ ಅಪಾರ ಇಂಧನವೂ ಬೇಕು.

ಜುಲೈ ತಿಂಗಳ ಒಂದು ಬೆಳಿಗ್ಗೆ ಪ್ರಯೋಗ ನೋಡಲು ಅಹಮದಾಬಾದಿನ ಚಾಂದ್‌ಖೇಡಾದಿಂದ ಜಯಂತಿ ಎಂಬ ತೈಲ ಕಂಪನಿಯ ಹಿರಿಯ ಅಧಿಕಾರಿ ಬಂದರು. ಅನಿಲ ಬಿಟ್ಟ ಎರಡೇ ನಿಮಿಷಕ್ಕೆ ಹೊರಬರುವ ಅನಿಲವನ್ನು ತೋರಿಸುವ ಪರದೆಯ ಮೇಲೆ ಪ್ರೊಪೇನ್, ಪ್ರೊಪಿಲೀನ್ ಎರಡರ ಗೆರೆಗಳೂ ಒಟ್ಟಿಗೇ ಮೇಲೇರಿದವು. ಏನೂ ಬೇರ್ಪಟ್ಟಿರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥ ಸುಧೀರ್ ಥಟ್ಟನೆ, ಅಳೆಯುವ ಯಂತ್ರ ನಿನ್ನೆಯಿಂದ ಕೈಕೊಡುತ್ತಿದೆ ಎಂದುಬಿಟ್ಟರು.

ಯಂತ್ರ ಸರಿಯಾಗಿದೆಯೆಂದು ವಿಂಧ್ಯಾಳಿಗೆ ಗೊತ್ತಿತ್ತು. ಹಿಂದಿನ ದಿನ ಒಣಗಿಸಿದ ಗುಂಡುಗಳ ಡಬ್ಬಿಯನ್ನು ತೆರೆದಿಟ್ಟೇ ಅವಳು ಊಟಕ್ಕೆ ಹೋಗಿದ್ದಳು. ಸುಮ್ಮನಿರಬಹುದಿತ್ತು, ಆಗಲಿಲ್ಲ. ಹಿಂದಿಯಲ್ಲಿ ಶುರುಮಾಡಿದ ಮಾತು ಗಾಬರಿಯಲ್ಲಿ ಅರ್ಧಕ್ಕೇ ಕನ್ನಡಕ್ಕೆ ಹೊರಳಿತು.

"ತಪ್ಪು ನನ್ನದು ಮೇಡಂ. ಡಬ್ಬಿ ಮುಚ್ಚಲಿಲ್ಲ. ಗುಂಡುಗಳು ಮಳೆಗಾಲದ ಗಾಳಿಯಿಂದ ನೀರು ಕುಡಿದುಬಿಟ್ಟಿವೆ, ಅನಿಲಕ್ಕೆ ಜಾಗವೇ ಇಲ್ಲ."

ಕನ್ನಡ ಬಾರದ ಸುಧೀರ್ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದರು. ಆದರೆ ಜಯಂತಿ ಧಾರವಾಡದವರು.

"ಹಂಗಾದ್ರ ಮತ್ತ ಕಾಸಿ ಒಣಗಸ್ರಿ," ಎಂದರು. "ಸಂಜಿ ತನಕ ಇರ್ತೀನಿ."

ವಿಂಧ್ಯಾ ಸುಧೀರರಿಗೂ ಹಿಂದಿಯಲ್ಲಿ ನಡೆದದ್ದು ಹೇಳಿದಳು. ಕೊಳವೆಯಲ್ಲಿ ಒಣ ಸಾರಜನಕ ಹಾಯಿಸುತ್ತ ನಾಲ್ಕು ತಾಸು ಕಾಯಿಸಿದರು. ಅಷ್ಟರಲ್ಲಿ ಮೂವರೂ ಉಡುಪಿ ಹೋಟೆಲಿನಲ್ಲಿ ಊಟ ಮಾಡಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ತಾವೊಮ್ಮೆ ತಪ್ಪು ಕವಾಟ ತಿರುಗಿಸಿ ಇಡೀ ಘಟಕ ನಿಲ್ಲಿಸಿದ್ದನ್ನೂ, ವಾರಗಟ್ಟಲೆ ಯಾರಿಗೂ ಹೇಳದೆ ಒದ್ದಾಡಿದ್ದನ್ನೂ ಜಯಂತಿ ಹೇಳಿದಾಗ ಸುಧೀರ್ ತಟ್ಟೆಯ ಕಡೆ ನೋಡುತ್ತ ನಕ್ಕರು.

ಕೊಳವೆ ತಣ್ಣಗಾಗುವ ಹೊತ್ತಿಗೆ ಐದು ದಾಟಿತ್ತು. ಈ ಸಲ ಪ್ರೊಪೇನಿನ ಗೆರೆ ಒಂದೇ ಮೇಲೇರಿತು. ಪ್ರೊಪಿಲೀನಿನದು ನೆಲ ಬಿಟ್ಟೇಳಲಿಲ್ಲ. ಸುಧೀರ್ ಗುಜರಾತಿಯಲ್ಲಿ ನಿಮಿಷ ಎಣಿಸತೊಡಗಿದರು. ಹನ್ನೊಂದನೆಯದು ಮುಗಿದು, ರಂಧ್ರಗಳೆಲ್ಲ ತುಂಬಿದ ಮೇಲಷ್ಟೇ ಆ ಗೆರೆ ನಿಧಾನಕ್ಕೆ ತಲೆಯೆತ್ತಿತು. ವಿಂಧ್ಯಾ ಕುರ್ಚಿಯಲ್ಲಿ ಕುಸಿದು ಕುಳಿತು ನಗತೊಡಗಿದಳು.

ದೊಡ್ಡ ಕೊಳವೆಯಲ್ಲಿ ಪರೀಕ್ಷಿಸಲು ದಸರಾದೊಳಗೆ ಹತ್ತು ಕಿಲೋ ಗುಂಡು ಬೇಕೆಂದು ಹೇಳಿ ಜಯಂತಿ ಹೊರಟರು. ಪ್ರಯೋಗಾಲಯದಲ್ಲಿ ಒಮ್ಮೆಗೆ ಇನ್ನೂರು ಗ್ರಾಮಿಗಿಂತ ಹೆಚ್ಚು ಮಾಡಿದ್ದೇ ಇಲ್ಲ. ಮರುದಿನ ಸುಧೀರ್ ಪರಿಚಯದ ಮಾತ್ರೆ ಕಾರ್ಖಾನೆಯಿಂದ, ಪುಡಿಯನ್ನು ಉರುಳಿಸಿ ಗುಂಡು ಕಟ್ಟಲು, ತಿರುಗುವ ಹಳೆಯ ಪೀಪಾಯಿಯೊಂದನ್ನು ಟೆಂಪೋದಲ್ಲಿ ತಂದಿಳಿಸಿ ತಾವೇ ಅಂಗಿಯ ತೋಳು ಮಡಚಿದರು. ಮಧ್ಯಾಹ್ನದೊಳಗೆ ಅವರೂ ವಿಂಧ್ಯಾಳೂ ಪುಡಿ ಮೆತ್ತಿಕೊಂಡು ಮೊಣಕೈವರೆಗೆ ಬೆಳ್ಳಗಾಗಿದ್ದರು.