ಆಮೆಯ ಪಕ್ಕದ ಕೊಳವೆ

ಕಡಲಾಮೆಗಳ ರಕ್ತ ಪರೀಕ್ಷಿಸುವಾಗ, ಯಂತ್ರ ಸರಿಯಿದೆಯೇ ಎಂದು ನೋಡಲು ಡಾಕ್ಟರಮ್ಮ ತನ್ನ ರಕ್ತವನ್ನೂ ಒಂದು ಕೊಳವೆಯಲ್ಲಿ ಇಡುತ್ತಿದ್ದಳು. ಗುಂಡುಕಲ್ಲಿನಂತಿರುವ ತನಗಿಂತ ಬೇರೆ ಅಳತೆಗೋಲು ಬೇಕೇ ಎಂಬುದು ಅವಳ ಜಂಬ.

ಇವತ್ತು ಆಮೆಯ ರಕ್ತ ಶುದ್ಧವಾಗಿತ್ತು. ಅವಳ ಕೊಳವೆಯಲ್ಲಿ ಸೀಸದ ವಿಷ ಮಿತಿಮೀರಿತ್ತು.

"ಕೊಳವೆ ಅದಲುಬದಲು ಮಾಡಿದ್ದೀರಲ್ರೀ, ತಲೆ ಎಲ್ಲಿಟ್ಟಿದ್ರಿ?" ಎಂದು ಜೊತೆಗೇ ಕೆಲಸ ಮಾಡುವ ಗಂಡನ ಮೇಲೆ ಹರಿಹಾಯ್ದಳು.

ಆಮೆಯ ಕೆಂಪು ರಕ್ತಕಣದ ನಡುವೆ ಚುಕ್ಕಿಯಿರುತ್ತದೆ, ಮನುಷ್ಯರದ್ದರಲ್ಲಿ ಇರುವುದಿಲ್ಲ. ಅವನ ತಪ್ಪು ತೋರಿಸಿಯೇ ಬಿಡುತ್ತೇನೆಂದು ವಿಷದ ಕೊಳವೆಯ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಗ್ಗಿದಳು. ಒಂದೇ ಒಂದು ಚುಕ್ಕಿಯಿರಲಿಲ್ಲ. ಕೊಳವೆಯ ಮೇಲಿದ್ದ ತನ್ನ ಹೆಸರನ್ನು ಮತ್ತೊಮ್ಮೆ ಓದಿದಳು.

ಗಂಡ ಅಂಗಿಯ ತೋಳು ಮಡಚಿ ಕೈ ಚಾಚಿದ. "ಮನೇಲಿ ಎಲ್ರೂ ಕುಡಿಯೋದು ಒಂದೇ ನಲ್ಲಿ ನೀರು. ನನ್ನದೂ ತೆಗಿ. ಆಮೇಲೆ... ಮಗೂದು."