ಕೋತಿ ಮುರಿದ ಕೊಂಬೆಯ ಗುರುತು

ಬಾಡಿದ ಹೂವೊಂದು ಬೆರಳಿಗೆ ಅಂಟಿಕೊಂಡಿತು, ಒದ್ದೆ ಕಾಗದದ ಹಾಗೆ, ಅನಸೂಯ ಕೊಡವಿದಳು, ಬಿಡಲಿಲ್ಲ, ಸೆರಗಿಗೆ ಒರೆಸಿಕೊಂಡಳು — ಅಜೇಲಿಯಾದ ಗೋಳೇ ಇದು, ಬಾಡಿದರೂ ಉದುರುವುದಿಲ್ಲ, ಒಂದೊಂದನ್ನೂ ಬುಡದ ಬೀಜದ ಗಂಟಿನ ಸಮೇತ ಚಿವುಟಬೇಕು, ಇಲ್ಲದಿದ್ದರೆ ಗಿಡದ ಸತ್ವವೆಲ್ಲ ಬೀಜಕ್ಕೇ ಹೋಗುತ್ತದೆ, ಹೂ ಮುಗಿದ ಕೂಡಲೇ ಕೊಂಬೆಯನ್ನೂ ಕತ್ತರಿಸಬೇಕು, ತಡವಾದರೆ ಬರುವ ವರ್ಷದ ಮೊಗ್ಗಿಗೇ ಕತ್ತರಿ ಬೀಳುತ್ತದೆ, ಬರುವ ವರ್ಷ — ಹಿಂಬದಿಯ ಕೊಂಬೆ ನೋಡಲು ಕುಂಡವನ್ನು ತಿರುಗಿಸಿದಳು, ಬೆರಳು ತಾನಾಗಿ ಕಾಂಡದ ಕೆಳಗೆ ಹೋಯಿತು, ಊಟಿಯಿಂದ ತಂದ ವರ್ಷವೇ ಕೋತಿ ಕೊಂಬೆ ಮುರಿದುಹಾಕಿದ್ದ ಜಾಗಕ್ಕೆ, ಅಂದಿನಿಂದ ತುಟಿ ಕೂಡಿಸುತ್ತಲೇ ಇದ್ದ ಗಾಯ, ಹೆಬ್ಬೆರಳು ಕೂರುವಷ್ಟು ಗುಳಿ, ಇಲ್ಲ, ನುಣುಪು, ಆ ಬದಿ ಇರಬೇಕು, ಅಲ್ಲೂ ಇಲ್ಲ, ಕನ್ನಡಕ ಹಾಕಿಕೊಂಡು ನೋಡಿದಳು, ಗಾಯವೇ ಇಲ್ಲ, ಗಾಯ ಮಾಯಬಹುದು, ಆದರೆ ತಾನು ಆಸ್ಪತ್ರೆಯಲ್ಲಿ ಮಲಗಿದ್ದಷ್ಟು ದಿನದಲ್ಲೇ? ತನ್ನ ಹೊಟ್ಟೆಯ ಹೊಲಿಗೆಯೇ ಇನ್ನೂ ಸೀರೆಯ ನೆರಿಗೆ ತಾಗಿದರೆ ಚುರ್ರೆನ್ನುತ್ತದೆ.

ಮಳೆನೀರಿನ ಡ್ರಮ್ಮು. ಮಹಡಿಯ ಮೂಲೆಯಲ್ಲಿ, ಮುಚ್ಚಳದವರೆಗೂ ತುಂಬಿದೆ, ಆಪರೇಷನ್‌ಗೆ ಹೊರಟ ಬೆಳಿಗ್ಗೆ ನೋಡಿದ ಹಾಗೆಯೇ, ರೀ, ಬೋರ್‌ವೆಲ್ ನೀರು ಹಾಕ್ಬೇಡಿ, ಉಪ್ಪು ನೀರದು, ಬೇರು ಸುಟ್ಟೋಗುತ್ತೆ, ಈ ಡ್ರಮ್ಮಿಂದನೇ ಹಾಕಿ, ಅಂತ ತಾನು ಹೇಳಿದ್ದು, ಆಯ್ತು ಕಣೇ, ನೀನು ಮೊದ್ಲು ಹುಷಾರಾಗು, ಅಂತ ಗಂಡ ಮುನೀಂದ್ರ ಅಂದದ್ದು, ಹಾಗಾದರೆ ನೀರೇಕೆ ಇಳಿದಿಲ್ಲ, ಮಳೆ ಬಂದಿತ್ತೇ, ಸೂಲಿಬೆಲೆಗೆ ಒಂದು ಹನಿ ಬಿದ್ದಿಲ್ಲ ಅಂತ ಅತ್ತೆ ಗೊಣಗುತ್ತಲೇ ಇದ್ದರಲ್ಲ. ಮನೆಗೆ ಬಂದ ದಿನ, ನೀನು ಮಹಡಿ ಹತ್ಬಾರ್ದು ಅಂತ ಕುಂಡವನ್ನು ಅವನೇ ಕೆಳಗೆ ಹೊತ್ತು ತಂದ, ನೋಡು, ನಿನ್ ಗಿಡ ಹೆಂಗೆ ಹೂ ಬಿಟ್ಟೈತೆ, ಅದೇ ನೀಲಿ ಕುಂಡ, ಅದೇ ಗುಲಾಬಿ ಬಣ್ಣ, ತಾನು ಅತ್ತೇಬಿಟ್ಟಳು, ಅವನು ಹೂವಿನ ಕಡೆ ನೋಡಲೇ ಇಲ್ಲ, ತನ್ನ ಮುಖವನ್ನೇ ನೋಡುತ್ತಿದ್ದ, ಕಣ್ಣು ಮಿಟುಕಿಸದೆ, ಆಮೇಲೆ ಕುಂಡವನ್ನು ಮತ್ತೆ ಮಹಡಿಗೇ ಒಯ್ದಿಟ್ಟ. ಅತ್ತೆ ಮುನಿಗಂಗಮ್ಮ, ಕೂತರೂ ನಿಂತರೂ ಕೊಂಕು ತೆಗೆಯುವವರು, ಈಗ ಮುದ್ದೆಗೆ ತುಪ್ಪ ಬಿಡುತ್ತಾರೆ, ಉಣ್ಣವ್ವ, ಇನ್ನೊಸಿ ಉಣ್ಣು, ಅವ್ವ ಅಂತ ಯಾವತ್ತು ಕರೆದಿದ್ದರು? ತಾಯಿ ಮಗ ಅಡುಗೆಮನೆಯಲ್ಲಿ ಪಿಸುಗುಡುತ್ತಾರೆ, ತಾನು ಹೋದರೆ ಕುಕ್ಕರಿನ ಮಾತು ಬರುತ್ತದೆ — ಒಂದು ಗಿಡ ಸತ್ತದ್ದಕ್ಕೆ ಇಷ್ಟು ತುಪ್ಪವೇ? ಹೊಟ್ಟೆಯಿಂದ ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದರಲ್ಲ, ಏನೂ ಇಲ್ವಂತೆ ಕಣೇ, ಬರೀ ಗಂಟಂತೆ, ಡಾಕ್ಟರಮ್ಮ ನಗ್ತಾ ಹೇಳಿದ್ರು — ಆಗಲೂ ಅವನು ತನ್ನ ಮುಖವನ್ನೇ ನೋಡುತ್ತಿದ್ದ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಕಾಫಿ ಲೋಟ ಹಿಡಿದು ಮುನೀಂದ್ರ, ಯಾಕೆ ಹತ್ತಿ ಬಂದೆ, ಕೂಗಿದ್ರೆ ನಾನೇ ತರ್ತಿರ್ಲಿಲ್ವಾ. ರೀ, ನನ್ ಗಿಡ ಎಲ್ಲಿ. ಇದೇ ಅಲ್ವೇನೇ. ಕೋತಿ ಮುರಿದಿದ್ ಗುರುತು ಎಲ್ಲಿ. ಅವನು ಲೋಟ ಕೆಳಗಿಟ್ಟ, ಒರೆಸಲು ಏನೂ ಇಲ್ಲದ ಕೈಯನ್ನು ಲುಂಗಿಗೆ ಒರೆಸಿದ, ಒಣಗೋಯ್ತು ಕಣೇ, ಆಸ್ಪತ್ರೆಗೆ ಓಡಾಡೋದ್ರಲ್ಲಿ ಗ್ಯಾನಾನೇ ಇರ್ಲಿಲ್ಲ, ಬೋರ್‌ವೆಲ್ ಪೈಪೇ ಹಿಡಿದ್ಬಿಟ್ಟೆ, ಇಂಥದ್ದೇ ಬೇಕು ಅಂತ ನರ್ಸರಿ ನರ್ಸರಿ ಸುತ್ತಿದೆ, ಹೊಸಕೋಟೆ ಹತ್ರ ಸಿಕ್ತು, ಇದಕ್ಕೆ ಫಿಲ್ಟರ್ ನೀರೇ ಹಾಕ್ತಿದ್ದೀನಿ, ಆ ಹೊತ್ನಲ್ಲಿ ನಿಂಗೆ ಹೆಂಗ್ ಹೇಳ್ಲಿ. ಕೋಪ ಬರಬೇಕಿತ್ತು, ಬರಲಿಲ್ಲ, ಅವನು ನರ್ಸರಿಯವರಿಗೆ ಫೋನಿನಲ್ಲಿ ಹಳೆಯ ಫೋಟೊ ತೋರಿಸುತ್ತ ನಿಂತದ್ದು ಕಣ್ಣಿಗೆ ಕಟ್ಟಿತು, ಇದೇ ಬಣ್ಣ, ಇಷ್ಟೇ ಎತ್ತರ, ಕಾಂಡ ಹಿಂಗೇ ಬಾಗಿರ್ಬೇಕು — ಇಷ್ಟು ಅಕ್ಕರೆಯಿಂದ ಸುಳ್ಳು ಹೇಳಬಲ್ಲವನು, ಇಷ್ಟು ಅಚ್ಚುಕಟ್ಟಾಗಿ, ಗಿಡಕ್ಕೇ ಇಷ್ಟಾದರೆ. ಡಾಕ್ಟರಮ್ಮ ಏನಂದ್ರು, ನಿಜ ಹೇಳಿ.

ಅವನು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತ, ಬಾಡಿದ ಹೂವೊಂದನ್ನು ಚಿವುಟಿದ, ಇನ್ನೊಂದು, ಇನ್ನೊಂದು, ಹೂ ಮುಗಿದವು, ಬೆರಳು ನಿಲ್ಲಲಿಲ್ಲ, ಈಗಷ್ಟೇ ಹೊರಟ ಚಿಗುರನ್ನು ಚಿವುಟಿದ, ಅದರ ಪಕ್ಕದ್ದನ್ನೂ, ರೀ, ಅದು ಚಿಗುರು, ಬಿಡಿ, ಅನ್ನಬೇಕೆಂದುಕೊಂಡಳು, ಅವನ ಬೆವೆತ ಅಂಗೈ, ಅಂಗೈಯಲ್ಲಿ ಹಸಿರು ಚಿಗುರು, ಮತ್ತೊಂದು, ಅಂಗೈಯಲ್ಲಿ ಹಸಿರು ಚಿಗುರು —