ಒದ್ದೆ ಟಾಪು ಬಿಚ್ಚಿಡುವ ವಿಧಾನ

ಭಾವನ ಕಾರಿನ ಬಟ್ಟೆ ಟಾಪು ಸತತ ಮೂರನೇ ವರ್ಷವೂ ಬೂಷ್ಟು ಹಿಡಿಸಿಕೊಂಡು ನನ್ನ ಅಂಗಡಿಯ ಹಿತ್ತಲಿಗೆ ಬಂದು ನಿಂತಾಗ ನನಗೆ ಪಿತ್ತ ನೆತ್ತಿಗೇರಿತು.

ನಾನು ಕೊಡೆ ರಿಪೇರಿಯವನು. ಕಾರು ನನ್ನ ಕಸುಬಲ್ಲ. ಆದರೆ ಕಡ್ಡಿಗಳ ಮೇಲೆ ಬಟ್ಟೆ ಬಿಗಿದ ವಸ್ತು ಯಾವುದೇ ಇರಲಿ, ಈ ಬೀದಿಯಲ್ಲಿ ಅದು ಕೊನೆಗೆ ನನ್ನ ತಲೆಗೇ ಬಂದು ಕಟ್ಟಿಕೊಳ್ಳುತ್ತದೆ. ಈ ಕಾರಿನ ಟಾಪೂ ಹಾಗೆಯೇ, ಬಟ್ಟೆಯ ಚಾವಣಿ. ಬಿಸಿಲು ಗಾಳಿ ಬೇಕೆನಿಸಿದರೆ ಹಿಂದಕ್ಕೆ ಮಡಿಸಿ ಸೀಟಿನ ಹಿಂದೆ ಕೂರಿಸಬಹುದು. ಮಳೆ ಬಂದರೆ ಮುಂದಕ್ಕೆ ಎಳೆದು, ಗಾಜಿನ ಮೇಲಂಚಿಗೆ ಎರಡು ಕೊಂಡಿ ಸಿಕ್ಕಿಸಿದರಾಯಿತು. ಹಳೆಯ ಗಾಡಿಯಾದ್ದರಿಂದ ಎಲ್ಲ ಕೈಯಲ್ಲೇ. ಎಂಟು ಕಡ್ಡಿಯ ಕೊಡೆ ರಿಪೇರಿ ಮಾಡುವವನಿಗೆ ಐದು ಕಡ್ಡಿಯ ಟಾಪು ಯಾವ ಮಹಾ ಎಂದು ಮೊದಲ ವರ್ಷ, ಮಳೆಗಾಲಕ್ಕೆ ಮುಂಚೆ ಹೊಲಿಗೆ ಹಾಕಿಸಲು ತಂದಾಗಲೇ ಒಪ್ಪಿಕೊಂಡೆ. ಅದೇ ನಾನು ಮಾಡಿದ ತಪ್ಪು ಅಂದುಕೊಂಡಿದ್ದೆ. ನಿಜವಾದ ತಪ್ಪು ಬೇರೆಯೇ ಇತ್ತು.

ಕಾರು ನಿಂತದ್ದೇ ತಡ, ಅಕ್ಕ ಭಾವನ ಕೈಯಿಂದ ಕೀಲಿ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ನನ್ನನ್ನು ಅಂಗಡಿಯೊಳಕ್ಕೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ನೋಡು, ನಿಮ್ಮ ಭಾವ ಗ್ಯಾಸ್ ಆರಿಸೋದು ಮರೀತಾರೆ, ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕ್ತಾರೆ. ಅದು ಹೋಗ್ಲಿ, ನಾನೂ ಮಾಡ್ತೀನಿ. ಆದ್ರೆ ಇದು? ಒದ್ದೆ ಟಾಪು ಮಡಿಸಿಡ್ತಾರೆ, ಆಮೇಲೆ ಮಡಿಸೇ ಇಲ್ಲ ಅಂತ ಆಣೆ ಮಾಡ್ತಾರೆ. ಮಾಡಿದ್ದೇ ನೆನಪಿಲ್ಲದೋರ ಕೈಗೆ ಕಾರು ಕೊಡೋದು ಹೇಗೆ? ನಾಳೆ ರಸ್ತೇಲಿ ಬ್ರೇಕ್ ಯಾವುದು ಅಂತ ಮರೆತ್ರೆ?"

"ಈಗೇನ್ ಮಾಡ್ಬೇಕು ಅಂತೀಯ?"

"ಭಾನುವಾರ ಕಾರು ಕೊಳ್ಳೋರು ಬರ್ತಾರೆ. ಇವತ್ತು ಸಾಯಂಕಾಲ ನಾಲ್ಕಕ್ಕೆ ನಾನು ವಾಪಸ್ ಬರ್ತೀನಿ. ಅಷ್ಟರಲ್ಲಿ ನೀನು ನೋಡಿ ಒಂದೇ ಮಾತು ಹೇಳು. ಮಡಿಸಿದ ಗುರುತು ಹೌದು ಅಂದ್ರೆ ಕಾರೂ ಮಾರ್ತೀನಿ, ಅವರನ್ನ ಡಾಕ್ಟರ ಹತ್ರನೂ ಕರ್ಕೊಂಡು ಹೋಗ್ತೀನಿ."

ಅಕ್ಕ ಹೋದ ಮೇಲೆ ನಾನು ಹಿತ್ತಲಿಗೆ ಬಂದು ಟಾಪು ನೋಡಿದೆ. ನೋಡುವುದೇನಿದೆ? ಕಪ್ಪು ಬಟ್ಟೆಯ ಮೇಲೆ ಅಡ್ಡಕ್ಕೆ ಮೂರು ಬಿಳಿ ಪಟ್ಟೆ, ಮಡಿಕೆ ಬೀಳುವ ಜಾಗದಲ್ಲೇ. ಕುರುಡನೂ ಕೈಯಾಡಿಸಿ ಹೇಳಬಹುದಿತ್ತು.

"ಭಾವ, ಒದ್ದೆ ಇದ್ದಾಗ ಮಡಿಸಿದ್ದೀರಿ."

"ಇಲ್ಲಪ್ಪ, ಮಡಿಸಿಲ್ಲ," ಎಂದರು ಭಾವ, ಹೋದ ವರ್ಷದ ಹಾಗೆಯೇ, ಅದರ ಹಿಂದಿನ ವರ್ಷದ ಹಾಗೆಯೇ. ಆದರೆ ಈ ಸಲ ದನಿ ಸ್ವಲ್ಪ ಇಳಿದಿತ್ತು.

ಭಾವ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಜೇಬಿನಲ್ಲಿ ಒಂದು ಗಿಡ್ಡ ಸ್ಕೇಲು, ಒಂದು ಪೆನ್ನು, ಒಂದು ನೋಟ್‌ಬುಕ್ಕು ಸದಾ ಇರುತ್ತವೆ. ಯಾರು ಏನು ಹೇಳಿದರೂ ಬರೆದುಕೊಂಡು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ. ಅವರ ಎದುರಿಗೆ ಕೆಲಸ ಮಾಡುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಒಣ ಬ್ರಷ್ಷಿನಲ್ಲಿ ಧೂಳು ಕೊಡವಿದರೆ "ಎಷ್ಟು ಸಲ?" ವಿನೆಗರಿಗೆ ನೀರು ಬೆರೆಸಿ ಬೂಷ್ಟಿನ ಮೇಲೆ ಒತ್ತಿದರೆ "ಎಷ್ಟಕ್ಕೆಷ್ಟು?" ಮೆತ್ತನೆ ಸೋಪಿನ ನೊರೆ ಹಚ್ಚಿ ನೇಯ್ಗೆಯ ಗುಂಟ ಉಜ್ಜಿದರೆ "ಅಡ್ಡಡ್ಡ ಯಾಕೆ ಉಜ್ಜಬಾರದು?"

"ಎಳೆ ಕಿತ್ತು ಬರುತ್ತೆ, ಅದಕ್ಕೆ! ಸ್ವಲ್ಪ ಸುಮ್ನಿರ್ತೀರಾ ಭಾವ?"

ಸುಮ್ಮನಿದ್ದರು. ಆದರೆ ಅದನ್ನೂ ಬರೆದುಕೊಂಡರೇನೋ ಎಂದು ನನಗೆ ಅನುಮಾನ.

ಇದು ಸಾಲದು ಎಂಬಂತೆ ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು ನಿಂತ. "ಶೇವಿಂಗ್ ಕ್ರೀಮ್ ಹಚ್ಚಿ ನೋಡಿ, ಯಾವ ಕಲೆಯಾದ್ರೂ ಹೋಗುತ್ತೆ," ಅಂದ. ಭಾವ ಪೆನ್ನು ತೆಗೆದರು. ನಾನು ಬ್ರಷ್ಷು ತೋರಿಸಿ ಇಬ್ಬರನ್ನೂ ಗದರಿದೆ. ಹಿಂದಿನ ಮೂಲೆಯಲ್ಲಿ ಹೊಲಿಗೆ ಒಂದು ಗೇಣು ಬಿಟ್ಟಿತ್ತು. ಬಗ್ಗಿ, ದಪ್ಪ ಸೂಜಿಯಲ್ಲಿ ಹಳೆಯ ತೂತುಗಳಿಗೇ ದಾರ ಹಾಯಿಸಿ ಹೊಲಿಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು.

"ಭಾನುವಾರ ಬೆಳಿಗ್ಗೆ ಟಾಪು ಬಿಚ್ಕೊಂಡು ಹೊರಟ್ರೆ ನಿಮ್ಮಕ್ಕ ಹಾಡ್ತಾಳೆ, ಗೊತ್ತಾ?" ಎಂದರು ಭಾವ ಇದ್ದಕ್ಕಿದ್ದಂತೆ. "ಮನೇಲಿ ಒಂದು ದಿನ ಹಾಡಿದೋಳಲ್ಲ. ಗಾಳಿ ಸದ್ದಲ್ಲಿ ನಂಗೆ ಕೇಳ್ಸಲ್ಲ ಅಂದ್ಕೊಂಡಿದಾಳೆ."

ನಾನು ತಲೆ ಎತ್ತದೆ ಜೋರಾಗಿ ಉಜ್ಜಿದೆ. ನಾಲ್ಕಕ್ಕೆ ಅಕ್ಕನಿಗೆ ಹೌದು ಎನ್ನಬೇಕಲ್ಲ, ಸುಳ್ಳು ಹೇಳಲಿಕ್ಕಾಗುತ್ತದೆಯೇ? ಅಷ್ಟು ಹೇಳಿದ್ದೆ ಈ ಮನುಷ್ಯನಿಗೆ. ನಾಲಿಗೆ ಸವೆಯುವ ಹಾಗೆ ಹೇಳಿದ್ದೆ. ನನ್ನ ಅಂಗಡಿ ಗೋಡೆಯ ಮೇಲೂ ಅದೇ ಬರೆದಿದೆ: ಒದ್ದೆ ಕೊಡೆ ಮಡಿಸಬೇಡಿ, ಬಿಚ್ಚಿಡಿ.

ಕೊನೆಗೆ ಮುಂದಿನ ಅಂಚು ತೊಳೆಯಲು ಎರಡೂ ಕೊಂಡಿ ಕಳಚಿ, ಟಾಪನ್ನು ಮೊಳದಷ್ಟು ಮೇಲೆತ್ತಿ ನೀರು ಹೊಯ್ದೆ. ಅಷ್ಟರಲ್ಲಿ ಮುಂಬಾಗಿಲಲ್ಲಿ ಯಾರೋ ಕೊಡೆಯ ಹಿಡಿ ಮುರಿದಿದೆ ಎಂದು ಕೂಗಿದರು.

"ಭಾವ, ಬಟ್ಟೆ ಒದ್ದೆ ಇದೆ. ಪೂರ್ತಿ ಬಿಚ್ಚಿಡಿ, ಬಂದೆ," ಎಂದು ಓಡಿದೆ.

ಹಿಡಿ ಬದಲಿಸಿ ಬರಲು ಹತ್ತು ನಿಮಿಷ ಹಿಡಿಯಿತು. ಬಂದು ನೋಡಿದರೆ ಬೆಳಗಿನಿಂದ ನಾನು ಮಗುವಿಗೆ ಸ್ನಾನ ಮಾಡಿಸಿದಂತೆ ತೊಳೆದ ಟಾಪು ಮೂರು ಮಡಿಕೆಯಾಗಿ ಸೀಟಿನ ಹಿಂದೆ ಕೂತಿದೆ, ನೀರು ತೊಟ್ಟಿಕ್ಕುತ್ತಿದೆ. ಭಾವ ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಿದ್ದಾರೆ.

"ಭಾವಾ! ಯಾಕೆ ಮಡಿಸಿದ್ರಿ? ನನ್ನ ಜೀವ ತಿನ್ನೋಕೇ ಹುಟ್ಟಿದ್ದೀರಾ ನೀವು?"

"ಮಡಿಸಿಲ್ಲಪ್ಪ. ನೀನು ಹೇಳಿದ ಹಾಗೇ ಪೂರ್ತಿ ಬಿಚ್ಚಿಟ್ಟೆ."

"ಇದನ್ನ ಬಿಚ್ಚೋದು ಅಂತಾರಾ?"

"ಮತ್ತೇನಂತಾರೆ? ತಲೆ ಮೇಲೆ ಏನೂ ಇಲ್ಲ. ಟಾಪು ಬಿಚ್ಚಿದೆ ಅಲ್ವಾ?"

ಆಗ ಹೊಳೆಯಿತು. ಕೊಡೆಯವನಿಗೆ ಬಿಚ್ಚುವುದೆಂದರೆ ಬಟ್ಟೆ ಹರಡಿಕೊಂಡು ತಲೆಯ ಮೇಲೆ ನಿಲ್ಲುವುದು. ಈ ಕಾರಿನಲ್ಲಿ ಓಡಾಡುವವರಿಗೆ ಬಿಚ್ಚುವುದೆಂದರೆ ತಲೆಯ ಮೇಲಿನ ಬಟ್ಟೆ ಹಿಂದಕ್ಕೆ ಹೋಗಿ ಗಾಳಿ ಬರುವುದು. ಒಂದೇ ಮಾತು, ತದ್ವಿರುದ್ಧ ಕೆಲಸ. ನಾಲಿಗೆ ಸವೆಯುವ ಹಾಗೆ ನಾನು ಹೇಳಿದ್ದು ಇದನ್ನೇ!

ಟಾಪು ಮುಂದಕ್ಕೆ ಎಳೆದು, ಕೊಂಡಿ ಸಿಕ್ಕಿಸಿ, ಮಡಿಕೆಗಳನ್ನು ಒಣಬಟ್ಟೆಯಲ್ಲಿ ಒತ್ತಿದೆ. ಆಮೇಲೆ ಕೇಳಿದೆ, "ಭಾವ, ಮೊದಲ ವರ್ಷ ನಾನು ಹೇಳಿದ್ದು ಬರ್ಕೊಂಡಿದ್ರಾ?"

ಈ ನೋಟ್‌ಬುಕ್ಕಿನಲ್ಲೇ ಇತ್ತು. ತಾರೀಕು ಹಾಕಿ, ಮುದ್ದಾದ ಅಕ್ಷರದಲ್ಲಿ: "ಟಾಪು ಒದ್ದೆಯಾದರೆ ಶೆಡ್ಡಿಗೆ ಬಂದ ಕೂಡಲೇ ಪೂರ್ತಿ ಬಿಚ್ಚಿಡಬೇಕು. ಎಷ್ಟೇ ಸುಸ್ತಾಗಿದ್ದರೂ ಮರೆಯಬಾರದು. ಹೇಳಿದವರು: ಭಾವಮೈದ." ಕೆಳಗೆ ಮಳೆ ಬಂದ ಒಂದೊಂದು ದಿನಕ್ಕೂ ಒಂದೊಂದು ಸರಿ ಗುರುತು. ಮೂರು ಮಳೆಗಾಲ, ಒಂದು ದಿನವೂ ತಪ್ಪಿಲ್ಲ.

ಗುರುತುಗಳೆಲ್ಲ ಮುಗಿದ ಮೇಲೆ, ಪುಟದ ತಳದಲ್ಲಿ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲಿತ್ತು: "ನಾನು ಮಡಿಸಿದ್ದೇನೆ ಎಂದು ಎಲ್ಲರೂ ಹೇಳುತ್ತಾರೆ. ನೆನಪಿಲ್ಲ. ಮಡಿಸಿರಬೇಕು."

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಮೂರು ವರ್ಷ ಬೀದಿಗೆ ಕೇಳುವ ಹಾಗೆ ಬೈದವನು ನಾನು. ಭಾವ ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಳ್ಳಲು ನೋಡಿದರು, ನಾನು ಕೊಡಲಿಲ್ಲ.

ನಾಲ್ಕಕ್ಕೆ ಅಕ್ಕ ಬಂದಳು. ಕುಳಿತುಕೊಳ್ಳಲೂ ಇಲ್ಲ.

"ಮಡಿಸಿದ ಗುರುತೇ ತಾನೆ?"

"ಹೌದು. ಮಡಿಸಿದ್ದು ಭಾವ, ಮಡಿಸೋಕೆ ಹೇಳಿದ್ದು ನಾನು." ನಡೆದದ್ದನ್ನೆಲ್ಲ ಹೇಳಿ ಪುಟ ಅವಳ ಮುಂದೆ ಇಟ್ಟೆ. "ಇವರ ನೆನಪಿಗೆ ಏನೂ ಆಗಿಲ್ಲ ಅಕ್ಕ. ನನ್ನ ಮಾತನ್ನ ಒಂದಕ್ಷರ ಬಿಡದೆ ಪಾಲಿಸಿದ್ದಾರೆ."

ಅಕ್ಕ ಮೇಲಿನಿಂದ ಓದುತ್ತ ಬಂದಳು. ಅರ್ಧದಲ್ಲಿ ನನ್ನನ್ನು ದುರುಗುಟ್ಟಿ ನೋಡಿ, "ನಿನ್ನ ನಾಲಿಗೆಗಿಷ್ಟು ಬೆಂಕಿ ಹಾಕ!" ಅಂದಳು. ತಳದ ಸಾಲಿಗೆ ಬಂದವಳು ಅಲ್ಲೇ ನಿಂತಳು. ಚೀಲದಲ್ಲಿ ತಡಕಾಡಿ ಕೀಲಿ ತೆಗೆದು ಆ ಪುಟದ ಮೇಲಿಟ್ಟಳು. "ಕೊಳ್ಳೋರಿಗೆ ಬರಬೇಡಿ ಅಂತ ಹೇಳ್ತೀನಿ," ಅಂದಳು, ಯಾರ ಮುಖವನ್ನೂ ನೋಡದೆ.

ಭಾವ ಕೀಲಿ ಮುಟ್ಟಲಿಲ್ಲ. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಜೇಬಿನಿಂದ ಸ್ಕೇಲು ತೆಗೆದು, ಕೊನೆಯ ಸಾಲಿನ ಮೇಲೆ ನೇರವಾಗಿಟ್ಟು, ಅದನ್ನು ಹೊಡೆದುಹಾಕಿದರು. ಒಂದು ಗೆರೆ ಸಾಲದು ಅನ್ನಿಸಿತೇನೋ, ಇನ್ನೊಂದು ಎಳೆದರು. ಆಮೇಲೆ ಕೀಲಿ ಜೇಬಿಗೆ ಹಾಕಿಕೊಂಡರು.